ಪೈಪಿನ ಬಾಯಲ್ಲಿ ತುಂಬಿದ ನೀರು

ಪರೀಕ್ಷೆಯ ದ್ರಾವಣದ ಹನಿ ಬಿದ್ದೊಡನೆ ಟೆಸ್ಟ್ ಟ್ಯೂಬಿನಲ್ಲಿದ್ದ ಕಾಲೇಜು ಕೊಳದ ನೀರು ಮೊದಲು ಹಳದಿಯಾಗಿ, ನೋಡುತ್ತಿದ್ದಂತೆ ಕಂದುಬಣ್ಣಕ್ಕೆ ತಿರುಗಿತು. ಹುಮನಾಬಾದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ರುಕ್ಮಿಣಿಬಾಯಿ ಅದನ್ನು ಪ್ರಿನ್ಸಿಪಾಲ್ ಮಹಾರುದ್ರಪ್ಪನವರ ಮುಖದ ಎದುರು ಹಿಡಿದಳು.

"ಇದು ನಿಮ್ಮ ಬಂಗ್ಲೆದ ಪಾಯಖಾನಿ ಪೈಪ್ ಬಂದು ಕೂಡೋ ಕಡಿ ನೀರ್ರಿ. ಆಚಿ ದಂಡಿ ನೀರಿನ್ಯಾಗ ಇಷ್ಟು ಅಮೋನಿಯಾ ಇಲ್ಲ. ಮೀನು ಈಗ ಸತ್ತದ್ದೂ ಇದಕ್ಕ, ಆವಾಗ ಸತ್ತದ್ದೂ ಇದಕ್ಕ."

ಹಿಂದೊಮ್ಮೆ ಇದೇ ಕೊಳದಲ್ಲಿ ಮೀನು ಸತ್ತಾಗ, ಮಾಲಿ ಯೂರಿಯಾ ಸುರಿದನೆಂದು ಎಲ್ಲರೆದುರು ಬೈದು ಮಹಾರುದ್ರಪ್ಪನವರೇ ಅವನನ್ನು ಕೆಲಸದಿಂದ ಓಡಿಸಿದ್ದರು. ಆ ಮಾಲಿ ಸಿದ್ದಪ್ಪ ಅವಳ ಅಪ್ಪ.

ಮಹಾರುದ್ರಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ರುಕ್ಮಿಣಿಬಾಯಿಯವರ, ಇದು ಕಮಿಟಿಯವರ ತನಕ ಹೋಗೂದು ಬ್ಯಾಡ. ನನ್ನಿಂದ ತಪ್ಪಾಗ್ಯಾದ. ಸಂಜಿಗೆ ನಿಮ್ಮ ಮನಿಗಿ ಬಂದು ನಿಮ್ಮಪ್ಪನ ಕಾಲು ಹಿಡೀತೀನಿ."

ಈ ಮಾತು ಕೇಳಬೇಕೆಂದೇ ಅವಳು ಹಟ ಹಿಡಿದು ಓದಿ ಇದೇ ಕಾಲೇಜಿಗೆ ಸೇರಿದ್ದಳು. ಈಗ ಕೇಳಿದ ಮೇಲೆ ಎದೆ ತಣ್ಣಗಾಗಲಿಲ್ಲ, ಇನ್ನಷ್ಟು ಉರಿಯಿತು.

"ಅಪ್ಪ ತೀರಿಕೊಂಡು ವರ್ಷಾತ್ರಿ," ಎಂದಳು. "ನಿಮಗ ಅದೂ ಗೊತ್ತಿಲ್ಲ."

ಪಕ್ಕದ ಕೋಣೆಯಲ್ಲಿ ಕಾಲೇಜು ನಡೆಸುವ ಕಮಿಟಿಯವರು ಚಹಾ ಕುಡಿಯುತ್ತ ಕುಳಿತಿದ್ದರು. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಹೋಗಿ ಆ ಬಾಗಿಲು ತೆರೆದಳು.