ಟ್ಯಾಂಕಿನ ತಿರುವು

ವ್ಯಾನು ಮತ್ತೆ ಅಲ್ಲೇ ಉಸಿರು ನಿಲ್ಲಿಸಿತು. ನೀರಿನ ಟ್ಯಾಂಕಿನ ತಿರುವು. ರಸ್ತೆಯ ಉಬ್ಬು ದಾಟಿ ನಾಲ್ಕು ಮಾರು. ಹಿಂದಿನ ಸೀಟಿನಿಂದ ಶಿಶುವಿಹಾರದ ಪುಟಾಣಿಯೊಂದು ಘೋಷಿಸಿತು: “ವ್ಯಾನಮ್ಮಾ, ಅಂಕಲ್ ಬಂದ್ರು!”

ವ್ಯಾನು ಓಡಿಸುತ್ತಿದ್ದ, ಮಕ್ಕಳ ಬಾಯಲ್ಲಿ ವ್ಯಾನಮ್ಮನಾದ ಅವಳು ಸ್ಟಿಯರಿಂಗನ್ನು ಬಿಗಿಹಿಡಿದಳು. ಅಂಕಲ್ ಎಂದರೆ ಅವಳ ಗಂಡ. ಹೋದ ವರ್ಷ ಇದೇ ವ್ಯಾನಿನಲ್ಲಿ, ಇದೇ ಇಳಿಜಾರಿನಲ್ಲಿ, ಮಕ್ಕಳನ್ನೆಲ್ಲ ಇಳಿಸಿ ಒಬ್ಬನೇ ಬರುವಾಗ ಟ್ಯಾಂಕಿನ ಗೋಡೆಗೆ ಗುದ್ದಿ ತೀರಿಹೋಗಿದ್ದ. ತೂಕಡಿಸಿದ್ದಾನೆ ಎಂದು ಊರು ತೀರ್ಪು ಕೊಟ್ಟಿತು. ಸಾಕ್ಷಿ ಹುಡುಕುವ ಶ್ರಮವೂ ಬೇಕಾಗಲಿಲ್ಲ. ಬದುಕಿದ್ದಾಗಲೇ ಅವನ ಅಡ್ಡಹೆಸರು ‘ತೂಕಡಿಕೆ’.

ಕೀ ತಿರುವಿದಳು. ಒಂದೇ ಏಟಿಗೆ ಸ್ಟಾರ್ಟ್. ಏನೂ ಆಗಿಲ್ಲವೆಂಬಂತೆ ವ್ಯಾನು ಹೊರಟಿತು.

ಸಂಜೆಯ ಹೊತ್ತಿಗೆ ತಾಯಂದಿರು ಗುಂಪುಕಟ್ಟಿ ಬಂದರು. “ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಆದ್ರೆ ಮಕ್ಕಳು ಹೆದರ್ತವೆ. ಸೋಮವಾರದೊಳಗೆ ಸರಿಯಾಗದಿದ್ರೆ ಬೇರೆ ವ್ಯಾನು ನೋಡ್ಕೋತೀವಿ.” ಅವಳಿಗೆ ಇದ್ದ ಕೆಲಸ ಇದೊಂದೇ. ಗಂಡನಿಂದ ಉಳಿದದ್ದೂ ರಿಪೇರಿಯಾಗಿ ಮರಳಿದ ಈ ವ್ಯಾನೊಂದೇ.

ವ್ಯಾನನ್ನು ಗ್ಯಾರೇಜಿಗೆ ಒಯ್ದಳು. ಅಲ್ಲಿನ ಮೇಸ್ತ್ರಿಗೆ ಕೈಗಿಂತ ಬಾಯಿ ಚುರುಕು. ಯಾವ ಎಂಜಿನ್ನಿನ ಸದ್ದನ್ನೂ, ಅದರ ಮಾಲೀಕನ ದನಿಯನ್ನೂ ಬಾಯಲ್ಲೇ ಹೊರಡಿಸಬಲ್ಲ. ವ್ಯಾನಮ್ಮನ ಗಂಡನ ರಾಗದ ‘ಅಣ್ಣಾ’ ಅಂತೂ ಗ್ಯಾರೇಜಿನ ನಿತ್ಯದ ಮನರಂಜನೆಯಾಗಿತ್ತು. ಹೋದ ವರ್ಷದಿಂದ ಅದೊಂದನ್ನು ಬಿಟ್ಟಿದ್ದ.

“ಬೆಳಿಗ್ಗೆ ಸ್ಟಾರ್ಟ್ ಮಾಡ್ವಾಗ ಹೀಗೆ ತಾನೆ? ಕುಂಯ್... ಕುಂಯ್... ಟಕ್?”

“ಥೇಟ್ ಹಾಗೇ ಅಣ್ಣ.”

“ಅದು ಬಿಡು. ಬ್ಯಾಟರಿ ತುದಿಗೆ ಬಿಳೀ ಕಿಲುಬು ಹೂ ಬಿಟ್ಟಿದೆ. ತೊಳೆದು ಬಿಗಿ ಮಾಡಿದ್ರೆ ಮುಗೀತು. ದಾರೀಲಿ ನಿಲ್ಲುತ್ತಲ್ಲ, ಅದರ ರಾಗ ಹೇಗೆ?”

“ರಾಗಾನೇ ಇಲ್ಲ. ಕೆಮ್ಮಲ್ಲ, ಜಗ್ಗಲ್ಲ. ಒಮ್ಮೆಗೇ ಮೌನ.”

ಮೌನದ ಮಿಮಿಕ್ರಿ ಮೇಸ್ತ್ರಿಗೆ ಬರುತ್ತಿರಲಿಲ್ಲ. ತಲೆ ಕೆರೆದುಕೊಂಡ. “ಪೆಟ್ರೋಲ್ ಸಾಲದೆ ಹೋದ್ರೆ ಕೆಮ್ಮಿ ಕೆಮ್ಮಿ ನಿಲ್ಲುತ್ತೆ. ಗಪ್ ಅಂತ ನಿಂತ್ರೆ ಎಲ್ಲೋ ಕರೆಂಟು ಹೋಗ್ತಿದೆ. ಗಾಡಿ ಬಿಟ್ಟುಹೋಗು ತಂಗಿ.”

ಮೊದಲು ಮಾಡಿದ್ದು ಎಂದಿನ ಕೆಲಸ. ಅವಳ ಗೊಂಚಲಿನಿಂದ ವ್ಯಾನಿನ ಕೀ ಒಂದನ್ನೇ ಬಿಡಿಸಿಕೊಂಡು, ಉಳಿದದ್ದನ್ನು ಅವಳ ಕೈಗೇ ಕೊಟ್ಟ. ಎಷ್ಟು ಹಳೇ ಗಿರಾಕಿಯಾದರೂ ಸರಿ, ಮೂವತ್ತು ವರ್ಷದಿಂದ ಇದು ಅವನ ನೇಮ. “ನಿಮ್ಮನೆ ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ. ನಾಳೆ ಒಂದು ಚಮಚ ಕಾಣದಿದ್ರೂ ನನ್ನ ಹೆಸರು ಬರಬಾರ್ದು.”

ಗೊಂಚಲು ಗಂಡನದೇ. ಗೇಟು, ಬಾಗಿಲು, ಕಪಾಟು, ಯಾವುದೋ ಕಾಲದ ಪೆಟ್ಟಿಗೆಯದೊಂದು ಗದೆಯಂಥ ಹಿತ್ತಾಳೆ ಕೀ. ಒಂದನ್ನೂ ಕಳಚಲು ಅವಳಿಗೆ ಮನಸ್ಸಾಗಿರಲಿಲ್ಲ.

ಮೇಸ್ತ್ರಿ ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿದ. ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ. ತಿರುವಿನಲ್ಲಿ ಒಂಬತ್ತು ಸುತ್ತು ಹೊಡೆದ. ವ್ಯಾನು ನಿಲ್ಲಲಿಲ್ಲ.

“ನನ್ನ ಕೈಲಿ ಸಾಧುಪ್ರಾಣಿ ಕಣಮ್ಮ” ಎಂದು ಕೊಟ್ಟುಕಳಿಸಿದ.

ಮರುದಿನ ಅವಳ ಕೈಯಲ್ಲಿ ಮತ್ತೆ ನಿಂತಿತು. ಮೇಸ್ತ್ರಿ ಮತ್ತೆ ಬಿಚ್ಚಿದ, ಮತ್ತೆ ಓಡಿಸಿದ. ಅವನಿಗೆ ನಿಲ್ಲಲಿಲ್ಲ, ಅವಳಿಗೆ ನಿಂತಿತು.

“ನಮ್ಮನೆಯವರು ನಿಮ್ಮನ್ನ ಬಿಟ್ಬಿಡ್ತಾರೆ” ಎಂದಳು ವ್ಯಾನಮ್ಮ. “ನನ್ನನ್ನ ಮಾತ್ರ ನಿಲ್ಲಿಸ್ತಾರೆ. ಏನೋ ಹೇಳೋದಿದೆ ಅವರಿಗೆ.”

ಮೇಸ್ತ್ರಿ ನಗಲಿಲ್ಲ. “ನಾಳೆ ಶನಿವಾರ, ಮಕ್ಕಳಿರಲ್ಲ. ನೀನೇ ಓಡಿಸು. ನಾನು ಪಕ್ಕದಲ್ಲಿ ಕೂತಿರ್ತೀನಿ.”

ಶನಿವಾರ ಮಧ್ಯಾಹ್ನ. ಅವಳು ನಡಿಗೆಯ ವೇಗಕ್ಕಿಳಿಸಿ ಉಬ್ಬು ಹತ್ತಿಸಿದಳು. ವ್ಯಾನು ಧಡ್ ಎಂದಿತು, ತಿರುಗಿತು, ಸತ್ತಿತು.

“ಕೈ ಅಲ್ಲಾಡಿಸ್ಬೇಡ!” ಮೇಸ್ತ್ರಿ ಕೂಗಿದ.

ಸ್ಟಿಯರಿಂಗಿನ ಬುಡದಲ್ಲಿ, ಕೀಗೆ ಅವಳು ಎಂದಿನಂತೆ ಮತ್ತೆ ಸಿಕ್ಕಿಸಿಕೊಂಡಿದ್ದ ಗೊಂಚಲು ಇನ್ನೂ ತೂಗುತ್ತಿತ್ತು. ಕೀ ಒಂದು ಹಲ್ಲು ಹಿಂದಕ್ಕೆ ಜಾರಿ ಕೂತಿತ್ತು. ಮೇಸ್ತ್ರಿ ಬೆರಳಿಂದ ಮುಟ್ಟಿ ನೋಡಿದ: ಕೀ ಕೂರುವ ಜಾಗ ಸವೆದು ಸಡಿಲಾಗಿದೆ. ಉಬ್ಬಿಗೆ ಗೊಂಚಲು ಹಾರುತ್ತದೆ, ತಿರುವಿಗೆ ವಾಲುತ್ತದೆ, ಆ ಭಾರವೇ ಕೀಯನ್ನು ತಿರುಗಿಸಿ ಎಂಜಿನ್ ಆರಿಸುತ್ತದೆ. ಗೊಂಚಲು ಕಳಚಿ ಅವಳ ಮಡಿಲಿಗೆ ಹಾಕಿದ. ಬರೀ ಕೀಯಲ್ಲಿ ಹತ್ತು ಸುತ್ತು ಹೊಡೆದರು. ವ್ಯಾನು ಒಮ್ಮೆಯೂ ನಿಲ್ಲಲಿಲ್ಲ.

ವ್ಯಾನಮ್ಮ ನಕ್ಕಳು. ವರ್ಷದಲ್ಲಿ ಮೊದಲ ಸಲ. “ದೆವ್ವಕ್ಕೆ ಇಷ್ಟೊಂದು ಬೀಗದ ಕೈ ಯಾಕೆ ಬೇಕಿತ್ತೋ! ಸೋಮವಾರ ಆ ತಾಯಂದಿರಿಗೆ ತೋರಿಸ್ತೀನಿ.” ನಕ್ಕವಳು ಮಡಿಲು ನೋಡಿದಳು. ನಗು ನಿಂತಿತು, ವ್ಯಾನು ನಿಂತ ಹಾಗೆ, ಒಮ್ಮೆಗೇ.

“ಅಣ್ಣ, ಎಂಜಿನ್ ಆಫಾದ್ರೆ ಬ್ರೇಕು?”

“ಕಲ್ಲಾಗುತ್ತೆ. ಒಂದೆರಡು ಸಲ ಒತ್ತಿದ ಮೇಲೆ ಮೈಭಾರ ಹಾಕಿದ್ರೂ ಪೆಡಲ್ ಕೂರಲ್ಲ. ನೀನು ನಿಧಾನಕ್ಕೆ ಬರ್ತೀಯ, ಬಚಾವ್ ಆದೆ. ಜೋರಾಗಿ ಬರೋರಿಗೆ ಈ ಇಳಿಜಾರಲ್ಲಿ...”

“ಅವರೂ ಈ ಗೊಂಚಲನ್ನೇ ನೇತಾಕ್ತಿದ್ರು” ಎಂದಳು ಮೆಲ್ಲಗೆ. “ಹಾಗಾದ್ರೆ ಅವರು ನಿದ್ದೆ ಮಾಡಿರ್ಲಿಲ್ಲ.”

ಮೇಸ್ತ್ರಿಗೆ ಈಗ ಮೌನದ ಮಿಮಿಕ್ರಿ ಚೆನ್ನಾಗಿಯೇ ಬರುತ್ತಿತ್ತು.

“ಮನೇಲಿ ಹಾಸಿಗೆ ಮೇಲೂ ಬೇಗ ಕಣ್ಣು ಮುಚ್ತಿರ್ಲಿಲ್ಲ ಅವರು. ಅಂಥೋರಿಗೆ ತೂಕಡಿಕೆ ಅಂತ ಹೆಸರು ಹೇಗೆ ಬಂತಣ್ಣ?”

ಮೇಸ್ತ್ರಿ ಬಾಯಿ ತೆರೆದ. ಹೊರಬಂದದ್ದು ಅವಳ ಗಂಡನ ದನಿ. ಅದೇ ರಾಗ, ಅದೇ ಎಳೆತ.

“‘ಅಣ್ಣಾ, ಟ್ಯಾಂಕಿನ ತಿರುವಲ್ಲಿ ತಾನಾಗೇ ಆಫಾಗುತ್ತೆ ಅಣ್ಣಾ’ ಅಂತ ಐದು ಸಲ ಬಂದಿದ್ದ ತಂಗಿ,” ಎಂದ, ದನಿ ಮೆಲ್ಲಗೆ ತನ್ನದಾಗುತ್ತ. “ಐದು ಸಲಾನೂ ಗೊಂಚಲು ಅವನ ಕೈಗೇ ಕೊಟ್ಟು, ಬರೀ ಕೀಯಲ್ಲೇ ಓಡಿಸಿ ನೋಡಿ, ‘ಗಾಡಿಗೇನಾಗಿಲ್ಲ, ನೀನೇ ತೂಕಡಿಸಿರ್ತೀಯ’ ಅಂತ ಕಳಿಸಿದ್ದು ನಾನೇ.”