ಬಾವಿಯ ಪಾಠ

ಮಲಕಾರಿ ದೋಣಿಯಿಂದ ನೀರಿಗೆ ದೂಡಿಯೇಬಿಟ್ಟ. ಊರ ಬಾವಿಯಲ್ಲಿ ಅವನಿಗೆ ಈಜು ಬಂದದ್ದೂ ಹೀಗೇ, ಅಣ್ಣ ಹಿಂದಿನಿಂದ ದೂಡಿದ್ದಕ್ಕೆ. ಆದರೆ ಮಾಲ್ವಣದ ಸಮುದ್ರದಲ್ಲಿ ಗೆಳೆಯ ಧನಪಾಲ ಮೇಲೇಳಲಿಲ್ಲ. ಈಜು ಬಾರದವನನ್ನು “ನಾ ಅದೀನಲ್ಲಲೇ” ಎಂದು ನಂಬಿಸಿ ದೋಣಿ ಹತ್ತಿಸಿದ್ದವನು ಮಲಕಾರಿಯೇ.

“ಏಳಲೇ ಧನ್ಯಾ, ನಾಟಕ ಸಾಕು!” ಎಂದು ಕೂಗುವಷ್ಟರಲ್ಲಿ ಅವನ ದನಿ ಒಡೆಯಿತು.

ದೋಣಿ ನಡೆಸುತ್ತಿದ್ದ ಮುದುಕ ನೀರಿಗೆ ಜಿಗಿದು, ಕೂದಲು ಹಿಡಿದು ಧನಪಾಲನನ್ನು ಮೇಲೆತ್ತಿ ತಂದ. ಯಾರು ದೂಡಿದ್ದೆಂದು ಮರಾಠಿಯಲ್ಲಿ ಗದರಿದ.

“ಯಾರೂ ಇಲ್ರಿ ಕಾಕಾ, ನಾನ ಜಿಗದ್ನಿ,” ಎಂದ ಧನಪಾಲ, ಉಪ್ಪುನೀರು ಕಾರುತ್ತಲೇ.

“ತಪ್ಪಾತಲೇ, ಬಾ ಇಲ್ಲೆ,” ಎಂದು ಮಲಕಾರಿ ಕೈ ಚಾಚಿದ. ಧನಪಾಲ ಆ ಕೈಯನ್ನೊಮ್ಮೆ ನೋಡಿ, ಹಿಂದೆ ಸರಿದು, ಮುದುಕನ ಒದ್ದೆ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.