ಹಠದ ಕೈ

"ಈಗ ನೀವು ಬಾಯಿ ತೆಗೀರಿ, ಅಜ್ಜಿ," ಎಂದಳು ವಾರಕ್ಕೊಮ್ಮೆ ಮನೆಗೆ ಬರುವ ಥೆರಪಿಸ್ಟ್ ಹುಡುಗಿ, ಗಂಜಿಯ ಬಟ್ಟಲನ್ನು ತನ್ನತ್ತ ಎಳೆದುಕೊಳ್ಳುತ್ತ.

"ಐದು ಮಕ್ಕಳ ಹೊಟ್ಟೆ ತುಂಬಿಸಿದವಳು ನಾನು. ನನಗೇ ಊಟ ಮಾಡ್ಸೋದು ಹೇಳ್ಕೊಡ್ತೀಯೇನಮ್ಮಾ?" ಎಂದು ನಗುತ್ತಲೇ ಅಜ್ಜಿ ಮೊಮ್ಮಗಳು ಪುಟ್ಟಿಯ ಗಾಲಿಕುರ್ಚಿಯ ಪಕ್ಕ ಕೂತಳು.

"ಪುಟ್ಟಿಗೆ ನೀವು ತಿನ್ನಿಸೋ ಹಾಗೇ ನಿಮಗೆ ತಿನ್ನಿಸ್ತೀನಿ. ಆದ್ರೆ ಮಾತಾಡೋ ಹಾಗಿಲ್ಲ. ಪುಟ್ಟಿಗೂ ಮಾತು ಬರಲ್ವಲ್ಲ."

ಮೊದಲ ಚಮಚ ಅಜ್ಜಿಯ ಅಳಿದುಳಿದ ಹಲ್ಲುಗಳಿಗೆ ತಾಗಿಕೊಂಡು ಹೊರಬಂತು. ಬಾಯಲ್ಲಿದ್ದ ಗಂಜಿ ನುಂಗುವ ಮುಂಚೆಯೇ ಎರಡನೆಯದು ಒಳಗೆ ಹೋಯಿತು. ಗಲ್ಲಕ್ಕೆ ಸೋರಿದ್ದನ್ನು ಹುಡುಗಿ ಚಮಚದ ಅಂಚಿನಲ್ಲಿ ಬಳಿದು ಮತ್ತೆ ಬಾಯಿಗೇ ತುರುಕಿದಳು. ಅಜ್ಜಿ ದಿನವೂ ಮಾಡುತ್ತಿದ್ದುದು ಇದನ್ನೇ. ಬೇಗ ಮುಗಿದರೆ ಮಗುವಿಗೂ ಆರಾಮ ಎಂದುಕೊಂಡಿದ್ದಳು. ಈಗ ಬಾಯಿ ತುಂಬಿತ್ತು, ಉಸಿರಾಡಲು ಪುರುಸೊತ್ತಿರಲಿಲ್ಲ, ಮುಂದಿನ ಚಮಚ ಆಗಲೇ ತುಟಿಯ ಹತ್ತಿರವಿತ್ತು. ಅವಳ ಕೈ ತಾನಾಗಿಯೇ ಮೇಲೆದ್ದು ಚಮಚವನ್ನು ತಳ್ಳಿತು. ಗಂಜಿ ಮಡಿಲಿಗೆ ಚೆಲ್ಲಿತು.

ಪುಟ್ಟಿ ಕೇಕೆ ಹಾಕಿ ನಕ್ಕಳು.

ಊಟದ ಹೊತ್ತಿಗೆ ಪುಟ್ಟಿಯ ಕೈಯೂ ಹೀಗೆಯೇ ಮೇಲೇಳುತ್ತಿತ್ತು. ಮನೆಮಂದಿಯೆಲ್ಲ ಅದನ್ನು ಹಠ ಎನ್ನುತ್ತಿದ್ದರು. ಅದಕ್ಕೇ ಅಜ್ಜಿ, ಮಗುವಿಗೆ ನೋವಾಗದಿರಲೆಂದು ಮೆತ್ತನೆಯ ಹಳೇ ಬಟ್ಟೆಯನ್ನು ಹುಡುಕಿ, ಆ ಕೈಯನ್ನು ಕುರ್ಚಿಯ ಹಿಡಿಗೆ ಕಟ್ಟುತ್ತಿದ್ದಳು. ಇವತ್ತೂ ಕಟ್ಟಿದ್ದಳು.

ಅಜ್ಜಿ ಬಾಯಲ್ಲಿದ್ದದ್ದನ್ನು ನುಂಗಿ ಕುರ್ಚಿಯತ್ತ ಬಗ್ಗಿದಳು. ಗಂಟು ಬಿಗಿಯಾಗಿತ್ತು. ಉಗುರಿಗೆ ಬಗ್ಗಲಿಲ್ಲ, ಹಲ್ಲು ಹಾಕಿ ಬಿಚ್ಚಿದಳು.